ಕಾಲರಿನ ಒಳಗಿನ ಹೆಸರು

ಮಾವಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮರದ ಸ್ಟೂಲಿದೆ. ಮೂವತ್ತು ವರ್ಷದಿಂದ ಅದರ ಮೇಲೆ ಮಕ್ಕಳನ್ನು ನಿಲ್ಲಿಸಿ ಸ್ಕೂಲ್ ಯೂನಿಫಾರ್ಮಿಗೆ ಅಳತೆ ತೆಗೆಯುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಸಾಕು, ಬಾಗಿಲಾಚೆ ಚಪ್ಪಲಿಗಳ ರಾಶಿ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಗೆಲ್ಲ ಗೊತ್ತು, ಆದರೂ ಬರುತ್ತಾರೆ. ನನ್ನ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಒಂದನೇ ಕ್ಲಾಸಿಗೆ ಸೇರುವ ಮಗುವಿನ ಅಪ್ಪ ಅಮ್ಮನಿಗೆ ಬಟ್ಟೆಯ ಜೊತೆ ಒಂದಿಷ್ಟು ಬುದ್ಧಿಯನ್ನೂ ಹೇಳಿ ಕಳಿಸುತ್ತೇನೆ. ಅವರು ಕೇಳಿರುವುದಿಲ್ಲ, ನಾನು ಬಿಡುವುದಿಲ್ಲ.

"ಹುಕ್ ಬೇಡ ಕಣಮ್ಮ, ಎಲಾಸ್ಟಿಕ್ ಹಾಕ್ತೀನಿ. ಅವಸರಕ್ಕೆ ಒಂದಕ್ಕೆ ಹೋಗ್ಬೇಕಾದ್ರೆ ಮಗು ಹುಕ್ ಜೊತೆ ಕುಸ್ತಿ ಆಡಕ್ಕಾಗತ್ತಾ?" ಎನ್ನುತ್ತೇನೆ. "ಎ ಬಿ ಸಿ ಡಿ ಮಿಸ್ ಹೇಳ್ಕೊಡ್ತಾರೆ, ಅದಕ್ಕೇ ಅವರಿರೋದು. ನೀವು ಗುಂಡಿ ಹಾಕ್ಕೊಳ್ಳೋದು ಕಲಿಸಿ. ತಿಂಡಿ ಡಬ್ಬಿ ಮುಚ್ಚಳ ಅವಳೇ ತೆಗೀಲಿ, ಚೆಲ್ಲಿದ್ರೆ ಚೆಲ್ಲಲಿ ಬಿಡಿ." ಗಂಡಸರು ತಲೆ ಆಡಿಸುತ್ತಾರೆ, ಹೆಂಗಸರು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. ಕೊನೆಗೆ ಮಗುವಿನ ಕಣ್ಣಿಗೆ ಕಣ್ಣಿಟ್ಟು "ನಿನ್ನ ಹೆಸರೇನು?" ಎಂದು ಕೇಳುತ್ತೇನೆ. ಅಮ್ಮ ಬಾಯಿ ಹಾಕಿದರೆ ನನಗೆ ರೇಗುತ್ತದೆ. "ನಿಮ್ಮನ್ನ ಕೇಳಿದ್ನೇನಮ್ಮ? ನಾಳೆ ಕ್ಲಾಸಲ್ಲಿ ನೀವೇ ಹೋಗಿ ಕೂತ್ಕೋತೀರಾ?" ಮಗು ಬಾಯಿಬಿಟ್ಟು ಹೆಸರು ಹೇಳಿದ ಮೇಲೆಯೇ ನಾನು ಟೇಪು ಮಡಚುವುದು. ಆ ಹೆಸರನ್ನು ಒಂದು ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ಹೊಲಿದು ಕಾಲರಿನ ಒಳಗೆ ಕೂರಿಸುತ್ತೇನೆ. ಎಲ್ಲರ ಅಂಗಿಯೂ ಒಂದೇ ಬಣ್ಣ, ಅದಲುಬದಲಾಗಬಾರದಲ್ಲ.

ಹೀಗೆ ಊರಿಗೆಲ್ಲ ಪಾಠ ಹೇಳುವ ನಾನು, ಕಳೆದ ವರ್ಷ ನನ್ನ ಸ್ವಂತ ಮೊಮ್ಮಗಳು ಶಾಲೆಗೆ ಸೇರುವಾಗ ಎಂಥ ಎಡವಟ್ಟು ಮಾಡಿದ್ದೆ ಎಂದು ಹೇಳಿದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ನನಗೂ ಈಗ ನಗು ಬರುತ್ತದೆ.

ಇವಳು ನನ್ನ ಮಗನ ಮಗಳು. ಇವಳು ಹುಟ್ಟುವ ಕೆಲವು ತಿಂಗಳ ಮುಂಚೆ ನಮ್ಮತ್ತೆ ತೀರಿಕೊಂಡಿದ್ದರು. "ಅವ್ವನ ಹೆಸರೇ ಇಡೋಣ" ಎಂದರು ನಮ್ಮ ಯಜಮಾನರು. ಮಗ ಸೊಸೆ ಇಬ್ಬರೂ ಒಂದೇ ಮಾತಿಗೆ ಒಪ್ಪಿದರು. ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಆ ಹೆಸರು ಉಸುರಿದರು. ಅಷ್ಟೇ. ಅವತ್ತಿನಿಂದ ಅದು ಆಧಾರ್ ಕಾರ್ಡಿನಲ್ಲಿ, ಲಸಿಕೆಯ ಪುಸ್ತಕದಲ್ಲಿ ಭದ್ರವಾಗಿ ಕೂತಿತು. ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ.

ನಮ್ಮ ಕಡೆ ಅದು ಹಾಗೆಯೇ. ಹಿರಿಯರ ಹೆಸರಿಡುತ್ತೇವೆ, ಆಮೇಲೆ ಆ ಹೆಸರು ಹಿಡಿದು ಕೂಗುವುದು ಹೇಗೆ? ಅತ್ತೆಯ ಹೆಸರನ್ನು ಸೊಸೆ ಹೇಳುವಂತಿಲ್ಲ. ನಾನಂತೂ ಈ ಮನೆಗೆ ಬಂದ ನಲವತ್ತು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಕಾಗದ ಮುಂದಿಟ್ಟು "ನೋಡ್ಕೊಂಡು ಬರ್ಕೊಳ್ಳಿ" ಎನ್ನುತ್ತಿದ್ದೆ. ಹೆತ್ತ ತಾಯಿಯ ಹೆಸರನ್ನು ಮಗನೂ ಕೂಗುವುದಿಲ್ಲ, ಹಾಗಾಗಿ ಯಜಮಾನರು ಮೊಮ್ಮಗಳನ್ನು "ಅವ್ವಾ" ಎಂದೇ ಕರೆದರು. ನಾನು "ಅಮ್ಮಣ್ಣಿ" ಎಂದೆ. ಮಗನಿಗೆ ಅವಳು "ಪಾಪು". ಬೀದಿಯ ಕೊನೆಯ ಶಿಶುವಿಹಾರದ ಮಿಸ್ಸು ಅವಳನ್ನು ಬಾಣಂತಿಕೋಣೆಯಿಂದಲೇ ಎತ್ತಾಡಿಸಿದವರು, ಅವರಿಗೂ ಅವಳು ಪಾಪುವೇ.

ಸೊಸೆ ಒಬ್ಬಳು ಮಾತ್ರ ಮೊದಮೊದಲು ನಿಜವಾದ ಹೆಸರು ಕೂಗುತ್ತಿದ್ದಳು, ಗೋಡೆಯ ಮೇಲಿನ ನಮ್ಮತ್ತೆಯ ಫೋಟೋ ತೋರಿಸಿ ಇದು ಆ ಅಜ್ಜಿಯ ಹೆಸರು ಎಂದೂ ಮಗುವಿಗೆ ಹೇಳುತ್ತಿದ್ದಳು. ಮಗುವಿಗೆ ಮೂರು ವರ್ಷವಿದ್ದಾಗ ಒಂದು ಶನಿವಾರ ಅದು ದಾರ ಸುತ್ತಿಟ್ಟಿದ್ದ ನನ್ನ ಬಾಬಿನ್‌ಗಳ ಡಬ್ಬಿಯನ್ನು ನೀರಿನ ಬಕೆಟ್ಟಿಗೆ ಸುರಿಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ವಾರವೆಲ್ಲ ದುಡಿದು ಸಾಕಾಗಿದ್ದ ಸೊಸೆ ಆ ಹೆಸರು ಹಿಡಿದು "ಮೂದೇವಿ, ಒಂದ್ ಕಡೆ ಕೂರಕ್ಕೇನ್ ರೋಗ ನಿಂಗೆ?" ಎಂದು ಕಿರುಚಿದಳು. ನನಗೆ ಮೈ ಉರಿದುಹೋಯಿತು. "ಬಾಯ್ ಮುಚ್ಚು! ಆ ಹೆಸರು ಹಿಡಿದು ಬೈಯ್ಯೋಕೆ ನೀನ್ಯಾರು? ಇನ್ನೊಂದ್ಸಲ ಆ ಹೆಸರು ನಿನ್ನ ಬಾಯಲ್ಲಿ ಬಂದ್ರೆ ನೋಡು!" ಎಂದೆ. ಸೊಸೆ ಅಡುಗೆಮನೆಗೆ ಹೋದಳು. ಅವತ್ತಿನಿಂದ ಅವಳೂ ಮಗಳನ್ನು "ಚಿನ್ನಿ" ಎನ್ನತೊಡಗಿದಳು. ನಾನು ಅದನ್ನು ಸಂಜೆಗೇ ಮರೆತೆ.

ಬಸವನಗುಡಿಯ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೀಟು ಸಿಕ್ಕಿತು. ಮಗ ಸೊಸೆ ನನ್ನ ಪಾಠಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದರು. ನಮ್ಮ ಅಮ್ಮಣ್ಣಿ ಗುಂಡಿ ಹಾಕಿಕೊಳ್ಳುತ್ತಿದ್ದಳು, ಡಬ್ಬಿ ತೆಗೆಯುತ್ತಿದ್ದಳು, ಕೈ ತೊಳೆದು ನಲ್ಲಿ ನಿಲ್ಲಿಸುತ್ತಿದ್ದಳು, ನನ್ನ ಸೂಜಿಗೆ ದಾರವನ್ನೂ ಪೋಣಿಸಿ ಕೊಡುತ್ತಿದ್ದಳು. ನಾನು ಬಂದ ಗಿರಾಕಿಗಳ ಮುಂದೆ ಅವಳನ್ನು ನಿಲ್ಲಿಸಿ "ನೋಡಿ, ಹಿಂಗೆ ತಯಾರು ಮಾಡ್ಬೇಕು ಮಕ್ಕಳನ್ನ" ಎಂದು ಜಂಭ ಕೊಚ್ಚುತ್ತಿದ್ದೆ.

ಶಾಲೆ ಶುರುವಾಗಲು ಹತ್ತು ದಿನವಿರುವಾಗ ಹೊಸ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಒಮ್ಮೆ ಬರಹೇಳಿದ್ದರು. ನನಗೆ ಸೀಸನ್ನಿನ ಕೆಲಸ, ಹೋಗಲಿಲ್ಲ. ಹೋದವರು ಮಧ್ಯಾಹ್ನ ತಿರುಗಿ ಬಂದಾಗ ಗೇಟು ಹಾಕಿದ ಸದ್ದಿನಲ್ಲೇ ಏನೋ ಆಗಿದೆ ಎಂದು ನನಗೆ ಗೊತ್ತಾಯಿತು. ಸೊಸೆಯ ಮುಖ ಬಾಡಿತ್ತು. ಏನಾಯಿತೆಂದು ಮಗ ಹೇಳಿದ. ಅಪ್ಪ ಅಮ್ಮಂದಿರನ್ನು ಹೊರಗೆ ನಿಲ್ಲಿಸಿ, ಮಕ್ಕಳನ್ನೆಲ್ಲ ಶಾಲೆಯ ಹಾಲಿನಲ್ಲಿ ಜಮಖಾನದ ಮೇಲೆ ಕೂರಿಸಿ, ಮಿಸ್ಸು ಪಟ್ಟಿ ನೋಡಿ ಒಬ್ಬೊಬ್ಬರದೇ ಹೆಸರು ಕರೆದರಂತೆ. ಕರೆದ ಮಗು ಎದ್ದು ಹೋಗಿ ಕಾಗದದ ಕಿರೀಟ ಹಾಕಿಸಿಕೊಂಡು ಕ್ಲಾಸಿನೊಳಗೆ ಹೋಗಬೇಕು. ನಮ್ಮವಳ ಹೆಸರು ನಾಲ್ಕು ಸಲ ಕರೆದರೂ ಅವಳು ಅಲ್ಲಾಡಲಿಲ್ಲ. ಎಲ್ಲರೂ ಎದ್ದು ಹೋಗಿ ಜಮಖಾನದ ಮೇಲೆ ಅವಳೊಬ್ಬಳೇ ಉಳಿದಾಗ ಮಿಸ್ಸು ಹತ್ತಿರ ಬಂದು, ನೀನೇ ಅಲ್ಲವಾ ಎಂದು ಆ ಹೆಸರು ಹೇಳಿ ಕೇಳಿದರೆ, "ಅಲ್ಲ, ಅದು ಫೋಟೋ ಅಜ್ಜಿ" ಎಂದಳಂತೆ.

"ನಗ್ಬೇಡಮ್ಮ," ಎಂದ ಮಗ. "ಕಿವಿ ಪರೀಕ್ಷೆ ಮಾಡ್ಸಿ ಅಂದ್ರು. ಹೆಸರು ಕರೆದ್ರೆ ಮಗು ತಿರುಗಿನೂ ನೋಡಲ್ಲ, ಬೇಕಾದ್ರೆ ಒಂದು ವರ್ಷ ಬಿಟ್ಟು ಸೇರಿಸಿ ಅಂತಾರೆ. ಶುರುವಾಗೋ ದಿನ ಇನ್ನೊಂದ್ಸಲ ನೋಡ್ತಾರಂತೆ."

ಅವಳ ವಯಸ್ಸಿನ ಮಕ್ಕಳೆಲ್ಲ ಮುಂದೆ ಹೋಗಿ ಇವಳೊಬ್ಬಳು ಶಿಶುವಿಹಾರದಲ್ಲೇ ಉಳಿಯಬೇಕೆ? ಮಾರನೆಯ ದಿನವೇ ಚಾಮರಾಜಪೇಟೆಯ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಏನೇನೋ ಯಂತ್ರ ಹಾಕಿ ನೋಡಿ, "ಇವಳಷ್ಟು ಚೆನ್ನಾಗಿ ನನಗೂ ಕೇಳಿಸಲ್ಲ" ಎಂದು ಬೆನ್ನು ತಟ್ಟಿ ಕಳಿಸಿದರು. ಸೊಸೆ ಆಟೋದಲ್ಲಿ ಮಗಳನ್ನು ಅಪ್ಪಿಕೊಂಡು ಕೂತಳು. ನನ್ನನ್ನು ಅವಳು ದೂರಬಹುದಾಗಿತ್ತು, ದೂರಲಿಲ್ಲ.

ಸರಿ, ಮನೆಯಲ್ಲಿ ಅಭ್ಯಾಸ ಶುರುವಾಯಿತು. ಯಜಮಾನರನ್ನು ಮೊದಲು ನಿಲ್ಲಿಸಿದೆವು. ಅವರು ಗಂಟಲು ಸರಿ ಮಾಡಿಕೊಂಡು, ಎದೆಯುಬ್ಬಿಸಿ, ಕೊನೆಗೆ "ಅವ್ವಾ" ಎಂದರು. ಇನ್ನೊಂದು ಸಲ ಎಂದರೆ ಮತ್ತೆ "ಅವ್ವಾ". "ನಂಗಾಗಲ್ಲ ಕಣೆ, ಏನ್ ಮಾಡ್ಲಿ" ಎಂದು ಪೇಪರ್ ಹಿಡಿದು ಕೂತುಬಿಟ್ಟರು. ಮಗ ಕೂಗಿದ. ಅಜ್ಜಿಯ ಹೆಸರು ಅವನ ಬಾಯಲ್ಲಿ ಎಷ್ಟು ಮೆಲ್ಲಗೆ ಬಂತೆಂದರೆ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಸೊಸೆ ಸ್ಪಷ್ಟವಾಗಿ ಕೂಗಿದಳು. ಮಗು ಅವಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿತು. ಮತ್ತೆ ಕೂಗಿದಾಗಲೂ ಹಾಗೆಯೇ. ಇದೇನಪ್ಪ ವಿಚಿತ್ರ, ಕರೆದವರು ಅಲ್ಲಿ, ಇವಳು ನೋಡುವುದು ಇಲ್ಲಿ. ನನಗೆ ಆಗಲೂ ತಲೆಗೆ ಹೋಗಲಿಲ್ಲ. ಹೀಗೆ ನಾಲ್ಕು ದಿನ ಹೋಯಿತು.

ಐದನೆಯ ದಿನ ಮಧ್ಯಾಹ್ನ ಅವಳನ್ನೇ ಸ್ಟೂಲಿನ ಮೇಲೆ ನಿಲ್ಲಿಸಿದೆ. ಅವಳ ಸ್ಕರ್ಟಿನ ಉದ್ದ ನೋಡಬೇಕಿತ್ತು. ಸೊಸೆ ಅಡುಗೆಮನೆಯಲ್ಲಿದ್ದಳು. ಎಲ್ಲ ಮಕ್ಕಳನ್ನೂ ಕೇಳುವ ಹಾಗೆ ಕಣ್ಣಿಗೆ ಕಣ್ಣಿಟ್ಟು, "ನಿನ್ನ ಹೆಸರೇನು?" ಎಂದೆ. ಹೊರಗಿನ ಮಕ್ಕಳನ್ನೆಲ್ಲ ಕೇಳಿದ್ದೆ, ನನ್ನ ಮನೆಯ ಮಗುವನ್ನು ಅವತ್ತಿನವರೆಗೆ ಕೇಳಿರಲಿಲ್ಲ.

"ಅಮ್ಮಣ್ಣಿ."

"ಅದು ನಾನು ಕರೆಯೋದು. ಸ್ಕೂಲಲ್ಲಿ ಮಿಸ್ ಏನಂತ ಕರೀತಾರೆ?"

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಬೆರಳುಗಳ ಸಂದಿಯಿಂದ ಪಿಸುಗುಟ್ಟಿದಳು: "ಗೊತ್ತು. ಹೇಳಲ್ಲ."

"ಯಾಕೆ ಬಂಗಾರ?"

"ಆ ಹೆಸರು ಹೇಳಿದ್ರೆ ನೀನು ಅಮ್ಮಂಗೆ ಬೈತೀಯ. ಅಮ್ಮ ಅಳ್ತಾಳೆ."

ಮೂರು ವರ್ಷದ ಹಿಂದಿನ ಶನಿವಾರ! ನಾನು ಸಂಜೆಗೇ ಮರೆತದ್ದನ್ನು ಈ ಗೇಣುದ್ದದ ಜೀವ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಅಷ್ಟು ಜನರ ನಡುವೆ, ಎಲ್ಲ ಮಕ್ಕಳೂ ಕಿರೀಟ ಹಾಕಿಸಿಕೊಂಡು ಹೋಗುತ್ತಿರುವಾಗ, ಅಮ್ಮನಿಗೆ ಬೈಗುಳ ಬೀಳದಿರಲಿ ಎಂದು ತುಟಿ ಬಿಗಿದು ಒಬ್ಬಳೇ ಕೂತಿತ್ತು. ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಬೀಳ ಎಂದುಕೊಂಡೆ.

ಅಡುಗೆಮನೆಗೆ ಹೋದೆ. ನನಗೆ ತಪ್ಪಾಯಿತು ಎನ್ನುವ ಅಭ್ಯಾಸವಿಲ್ಲ, ಅದಕ್ಕೇ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ಆಮೇಲೆ, "ಅವತ್ತು ನಾನು ಬೈದಾಗ ನೀನು ಅತ್ತಿದ್ಯಂತೆ" ಎಂದೆ.

"ಇಲ್ಲತ್ತೆ, ಯಾರ್ ಹೇಳಿದ್ದು? ಈರುಳ್ಳಿ ಹೆಚ್ತಿದ್ದೆ, ಅಷ್ಟೇ."

ನಮ್ಮ ಮನೆಯಲ್ಲಿ ಶನಿವಾರ ಈರುಳ್ಳಿ ಮುಟ್ಟುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. "ತಪ್ಪಾಯ್ತು ಕಣಮ್ಮ" ಎಂದೆ. "ನಿನ್ನ ಮಗಳನ್ನ ನೀನು ಕರೆಯೋಕೆ ನನ್ನ ಅಪ್ಪಣೆ ಯಾಕೆ ಬೇಕಿತ್ತು?" ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನೀವು ಕೂಗಿ ಅತ್ತೆ. ನೀವು ಕೂಗಿದ್ರೇ ಅವಳಿಗೆ ಧೈರ್ಯ ಬರೋದು" ಎಂದಳು.

ನಾನು ಕೂಗಬೇಕು! ಹೇಳುವುದು ಸುಲಭ. ಮುಂದಿನ ಕೋಣೆಗೆ ಬಂದು ಮಿಷಿನ್ನಿನ ಮೇಲಿರುವ ಅತ್ತೆಯ ಫೋಟೋ ನೋಡುತ್ತಾ ನಿಂತೆ.

ನಾನು ಆ ಹೆಸರು ಹೇಳದೆ ಇದ್ದದ್ದು ಬರೀ ಶಾಸ್ತ್ರಕ್ಕಲ್ಲ. ಹತ್ತೊಂಬತ್ತು ವರ್ಷಕ್ಕೆ ಕನಕಪುರದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದಾಗ ನನಗೆ ಸೂಜಿಗೆ ದಾರ ಹಾಕಲೂ ಬರುತ್ತಿರಲಿಲ್ಲ. ಅತ್ತೆ ನನ್ನ ಕೈ ಹಿಡಿದು ಮಾಮೂಲ್‌ಪೇಟೆಗೆ ಕರೆದುಕೊಂಡು ಹೋಗಿ ದಾರದ ಉಂಡೆ, ಕತ್ತರಿ, ಗುಂಡಿ ಎಲ್ಲ ಕೊಡಿಸಿದರು. "ನೀನು ಕಲ್ತ್ಕೊ ಹೋಗವ್ವ, ಅಡುಗೆ ನಾನು ನೋಡ್ಕೋತೀನಿ" ಎಂದು ಹೊಲಿಗೆ ಕ್ಲಾಸಿಗೆ ಕಳಿಸಿದರು. ಬೀದಿಯ ಹೆಂಗಸರು ಸೊಸೆಯನ್ನು ಮೆರೆಸ್ತಾಳೆ ಎಂದು ಆಡಿಕೊಂಡರೆ, "ನನ್ ಸೊಸೆ, ನಾನ್ ಮೆರೆಸ್ತೀನಿ, ನಿಮಗೇನ್ ಹೊಟ್ಟೆನೋವು?" ಎಂದು ಬಾಯಿ ಮುಚ್ಚಿಸಿದರು. ನನ್ನ ಬಾಯಿಯ ಜೋರು ಎಲ್ಲಿಂದ ಬಂತೆಂದು ಈಗ ನಿಮಗೆ ಗೊತ್ತಾಗಿರಬೇಕು. ನಾನು ಹೊಲಿದ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದವರು ಅವರೇ.

ಅವರಿಗೆ ಓದು ಬರಹವಿರಲಿಲ್ಲ. ಚಿಕ್ಕಂದಿನಲ್ಲಿ ತಮ್ಮಂದಿರನ್ನೂ ತಂಗಿಯರನ್ನೂ ನೋಡಿಕೊಳ್ಳಲು ಹೆತ್ತವರು ಅವರನ್ನು ಮನೆಯಲ್ಲೇ ಇಟ್ಟುಕೊಂಡಿದ್ದರಂತೆ, ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕಾಲರಿನ ಪಟ್ಟಿಯ ಮೇಲೆ ಬೆರಳಾಡಿಸಿ, "ಇದು ಯಾರ ಹೆಸರೇ?" ಎಂದು ಕೇಳುತ್ತಿದ್ದರು. ನಾನು ಓದಿ ಹೇಳಬೇಕು, ಆಮೇಲೆ ಗುಂಡಿ. ಒಂದು ದಿನ, "ಸ್ಕೂಲಲ್ಲಿ ಬೆಳಿಗ್ಗೆ ಹೋದ ತಕ್ಷಣ ಏನ್ ಮಾಡ್ತಾರೆ?" ಎಂದರು. ಹಾಜರಿ ಕೂಗ್ತಾರೆ ಅತ್ತೆ ಎಂದೆ. "ಅಂದ್ರೆ ದಿನಾ ಹೆಸರು ಹಿಡಿದು ಕರೀತಾರಾ? ಒಬ್ಬೊಬ್ಬರನ್ನೂ? ಪರವಾಗಿಲ್ವೇ!" ಎಂದು ದಾರ ಕಡಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ಯೋಚಿಸುತ್ತಾ ಕೂತಿದ್ದರು.

ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರೂ ಅವರೊಬ್ಬರೇ. ಯಜಮಾನರಿಗೆ ನಾನು "ಇವಳೇ", ಮಗನಿಗೆ ಅಮ್ಮ, ಬೀದಿಗೆ ಟೈಲರ್ ಆಂಟಿ. ಅತ್ತೆ ಮಾತ್ರ ಹಿತ್ತಲಿನಿಂದ ಬೀದಿಗೆ ಕೇಳುವ ಹಾಗೆ ನನ್ನ ಹೆಸರು ಕೂಗುತ್ತಿದ್ದರು. ನಾನು ಮಿಷಿನ್ ತುಳಿಯುತ್ತಲೇ "ಬಂದೆ ಅತ್ತೆ" ಎನ್ನುತ್ತಿದ್ದೆ. ಅವರು ಹೋದ ಮೇಲೆ ನನ್ನ ಹೆಸರು ಯಾರೂ ಕೂಗಿಲ್ಲ. ಕೂಗುವವರಿಲ್ಲದಿದ್ದರೆ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆದರೂ ಆ ಮಗುವಿಗೆ ಅದನ್ನೇ ಮಾಡಿದ್ದೆ.

"ತಪ್ಪು ತಿಳ್ಕೋಬೇಡಿ ಅತ್ತೆ" ಎಂದು ಫೋಟೋಗೆ ಹೇಳಿದೆ. ಅಷ್ಟರಲ್ಲಿ ಅಮ್ಮಣ್ಣಿ ಸ್ಟೂಲಿನಿಂದ ಇಳಿದು ಆಚೆ ಆಟಕ್ಕೆ ಓಡಿದ್ದಳು. ಬಾಗಿಲಿಗೆ ಹೋಗಿ ನಿಂತೆ. ಮೊದಲ ಸಲ ಬಾಯಿ ತೆರೆದರೆ ಬರೀ ಗಾಳಿ ಬಂತು. ಎರಡನೇ ಸಲ ಅರ್ಧ ಹೆಸರು ಬಂತು. ಮೂರನೇ ಸಲ ಕಣ್ಣು ಮುಚ್ಚಿಕೊಂಡು, ಅತ್ತೆ ನನ್ನನ್ನು ಕೂಗುತ್ತಿದ್ದ ಹಾಗೆಯೇ, ಲಾಲ್‌ಬಾಗಿನ ಗೋಡೆಗೆ ಹೋಗಿ ತಾಗುವ ಹಾಗೆ ಕೂಗಿದೆ.

ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಆಟ ಬಿಟ್ಟು ತಿರುಗಿ ನೋಡಿದವು. ಅಮ್ಮಣ್ಣಿ ನಿಂತಲ್ಲೇ ನಿಂತು ನನ್ನ ಮುಖ ನೋಡಿದಳು. ನಿಧಾನಕ್ಕೆ ಹತ್ತಿರ ಬಂದು, "ಬೈಯಲ್ವಾ?" ಎಂದು ಕೇಳಿದಳು.

"ಇಲ್ಲ ಕಣೆ ನನ್ನ ತಾಯಿ. ಅದು ನಿಂದೇ ಹೆಸರು. ಫೋಟೋ ಅಜ್ಜಿ ನಿಂಗೆ ಕೊಟ್ಟಿದ್ದು."

"ಅಮ್ಮನೂ ಕರೀಬಹುದಾ?"

"ಅಮ್ಮನೇ ಮೊದಲು ಕರೀಬೇಕು."

ಸೊಸೆ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳು ಕರೆದಳು, ಗಟ್ಟಿಯಾಗಿ. "ಬಂದೇ!" ಎಂದಿತು ಮಗು. ಕರೆದರೆ ಏನನ್ನಬೇಕೆಂದು ನಮ್ಮ ಮನೆಯಲ್ಲಿ ಯಾರೂ ಕಲಿಸಬೇಕಾಗಿಲ್ಲ. ಆಮೇಲೆ ನಾನು, ಅವಳು, ಮತ್ತೆ ನಾನು. ಬೀದಿಯ ಮಕ್ಕಳೂ ಸೇರಿಕೊಂಡು ಕೂಗತೊಡಗಿದವು. ಮಲಗಿದ್ದ ಯಜಮಾನರು ಎದ್ದು ಬಂದು ಬಾಗಿಲು ಹಿಡಿದು ನಿಂತು, "ಅವ್ವನ್ನ ಯಾರೋ ಕರೆದಂಗಾಯ್ತು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದೇನು ಒಣಗಿತ್ತೇ?

ಅವತ್ತು ಸಂಜೆಯೇ ಅವಳ ಅಂಗಿಯ ಪಟ್ಟಿ ಹೊಲಿದೆ. ಬೇರೆ ಮಕ್ಕಳದೆಲ್ಲ ಮುಗಿದಿತ್ತು, ಇದೊಂದು ಬಾಕಿ ಉಳಿದಿತ್ತು. ಸೂಜಿಗೆ ದಾರ ಹಾಕಿಕೊಟ್ಟವಳು ಅವಳೇ. ಅಕ್ಷರ ಒಂದಿಷ್ಟು ಸೊಟ್ಟಗಾಯಿತು. ನನ್ನ ಕೈಯಲ್ಲಿ ಸೊಟ್ಟ ಅಕ್ಷರ ಬಂದದ್ದು ಅದೇ ಮೊದಲು, ಬಿಚ್ಚಿ ಮತ್ತೆ ಹೊಲಿಯಲು ಮನಸ್ಸು ಬರಲಿಲ್ಲ.

ಶಾಲೆ ಶುರುವಾದ ದಿನ ಗಿರಾಕಿಗಳಿಗೆಲ್ಲ ಬಾಗಿಲು ಹಾಕಿ ನಾನೂ ಹೋದೆ. ಅದೇ ಹಾಲು, ಅದೇ ಜಮಖಾನ. ನಾವೆಲ್ಲ ಕಿಟಕಿಯ ಹೊರಗೆ. ಸೊಸೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಮೂಡಿತ್ತು. ಮಿಸ್ಸು ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕೂಗತೊಡಗಿದರು. ಮಕ್ಕಳು "ಎಸ್ ಮಿಸ್", "ಎಸ್ ಮಿಸ್" ಎನ್ನುತ್ತಿದ್ದವು.

ಆಮೇಲೆ ನಮ್ಮತ್ತೆಯ ಹೆಸರು ಬಂತು. ಒಂದು ಶಾಲೆಯಲ್ಲಿ, ಹಾಜರಿ ಪುಸ್ತಕ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಅಮ್ಮಣ್ಣಿ ಒಮ್ಮೆ ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎದ್ದು ನಿಂತು, ಕೈ ಮೇಲೆತ್ತಿ, ಹಾಲೆಲ್ಲ ಕೇಳುವಂತೆ, "ಬಂದೇ!" ಎಂದಳು.